ಗೇಮ್ ಮಾಡೋದು ಅಗ್ಗ, ಗೇಮ್ ಡೆವಲಪರ್ ಆಗಿ ಉಳಿಯೋದು ದುಬಾರಿ

ನೂರು ಡಾಲರ್. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್ ಮಾರಾಟಕ್ಕಿಡಲು ಇವತ್ತು ಕಟ್ಟಬೇಕಾದ ಶುಲ್ಕ ಇಷ್ಟೇ. ನಮ್ಮ ಲೆಕ್ಕದಲ್ಲಿ ಎಂಟು-ಒಂಬತ್ತು ಸಾವಿರ ರೂಪಾಯಿ. 2017ರ ಜೂನ್‌ಗೆ ಮುಂಚೆ ಹೀಗಿರಲಿಲ್ಲ. ಆಗ ಗ್ರೀನ್‌ಲೈಟ್ ಅಂತ ಒಂದು ಪದ್ಧತಿ ಇತ್ತು. ಆಟಗಾರರು ಓಟು ಹಾಕಬೇಕಿತ್ತು. ಸಾಕಷ್ಟು ಓಟು ಬಿದ್ದ ಗೇಮ್‌ಗೆ ಮಾತ್ರ ಒಳಗೆ ಜಾಗ. ಅದಕ್ಕೂ ಹಿಂದೆ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯವರೇ ಕೂತು ಆರಿಸುತ್ತಿದ್ದರು. ಈಗ ಓಟೂ ಇಲ್ಲ, ಆಯ್ಕೆಯೂ ಇಲ್ಲ. ದುಡ್ಡು ಕಟ್ಟಿ, ತೆರಿಗೆ ಫಾರಂ ತುಂಬಿ, ಗೇಮ್ ಸರಿಯಾಗಿ ಓಡುತ್ತದಾ ಅನ್ನೋ ಸಣ್ಣ ಪರಿಶೀಲನೆ ಮುಗಿದರೆ ಆಯಿತು.

ಹೀಗೆ ಬಾಗಿಲು ತೆರೆದ ಮೇಲೆ ಆಗಿದ್ದೇನು? 2024ರ ಒಂದೇ ವರ್ಷದಲ್ಲಿ ಸ್ಟೀಮ್‌ಗೆ 18 ಸಾವಿರಕ್ಕೂ ಜಾಸ್ತಿ ಗೇಮ್‌ಗಳು ಬಂದವು. ದಿನಕ್ಕೆ ಸುಮಾರು 50. ನೀವು ಬೆಳಿಗ್ಗೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರೋ ಒಬ್ಬರ ಮೂರು ವರ್ಷದ ದುಡಿಮೆ ಅಂಗಡಿಗೆ ಬಂದು, ಮೊದಲ ಪುಟದಿಂದ ಕೆಳಗೆ ಜಾರಿಯೂ ಆಗಿರುತ್ತದೆ. ಕಟ್ಟಿದ ಆ 100 ಡಾಲರ್ ವಾಪಸ್ ಬರಬೇಕಾದರೆ ಗೇಮ್ ಕನಿಷ್ಠ 1,000 ಡಾಲರ್ ಗಳಿಸಬೇಕು. ಅಷ್ಟೂ ಗಳಿಸದ ಗೇಮ್‌ಗಳು ಸಾವಿರಗಟ್ಟಲೆ ಇವೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಎಷ್ಟೋ ಹುಡುಗ ಹುಡುಗಿಯರಿಗೆ ಈಗ ಈ ಆಸೆ ಇದೆ. ಕೆಲಸ ಬಿಟ್ಟು ಸ್ವಂತ ಗೇಮ್ ಮಾಡಬೇಕು, ದೊಡ್ಡ ಕಂಪನಿಯ ಹಂಗಿಲ್ಲದ ಇಂಡೀ ಡೆವಲಪರ್ ಆಗಬೇಕು. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಯಾವ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಕಲಿಯಲಿ?" ಅನ್ನೋದು. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಸಂಬಳ ಇಲ್ಲದೆ ನನ್ನ ಹತ್ತಿರ ಎಷ್ಟು ತಿಂಗಳು ಇವೆ? ಈ ಧಂದೆಯಲ್ಲಿ ನಿಜವಾದ ಬಂಡವಾಳ ತಿಂಗಳುಗಳೇ. ಎಂಜಿನ್, ಪಬ್ಲಿಷರ್, ಗೇಮ್ ಎಷ್ಟು ದೊಡ್ಡದಿರಬೇಕು, ಯಾವ ಭಾಷೆಯಲ್ಲಿರಬೇಕು, ಎಲ್ಲ ತೀರ್ಮಾನವೂ ಕೊನೆಗೆ ಬಂದು ನಿಲ್ಲೋದು ಅಲ್ಲಿಗೇ.

ಅಗ್ಗವಾಗಿದ್ದು ಯಾವುದು

ಸಾಮಾನು ಅಗ್ಗವಾಯಿತು. ಇದರಲ್ಲಿ ಅನುಮಾನವಿಲ್ಲ. ಹದಿನೈದು-ಇಪ್ಪತ್ತು ವರ್ಷದ ಹಿಂದೆ ಒಳ್ಳೆಯ ಗೇಮ್ ಎಂಜಿನ್‌ನ ಲೈಸೆನ್ಸ್‌ಗೆ ಲಕ್ಷಾಂತರ ಡಾಲರ್ ಸುರಿಯಬೇಕಿತ್ತು. ಈಗ ಅನ್ರಿಯಲ್ ಎಂಜಿನ್ ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಗೇಮ್ 10 ಲಕ್ಷ ಡಾಲರ್ ದುಡಿಯುವವರೆಗೆ ಏನೂ ಕೊಡಬೇಕಿಲ್ಲ, ಆಮೇಲೆ 5% ರಾಯಲ್ಟಿ. ಯೂನಿಟಿಯ ಪರ್ಸನಲ್ ಆವೃತ್ತಿ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯದವರೆಗೆ ಉಚಿತ. ಅರ್ಜೆಂಟೀನಾದ ಇಬ್ಬರು ಶುರು ಮಾಡಿ 2014ರಲ್ಲಿ ಓಪನ್ ಸೋರ್ಸ್ ಮಾಡಿದ ಗೊಡೋ ಅಂತೂ ಪೂರ್ತಿ ಉಚಿತ, ಯಾವ ಪಾಲೂ ಇಲ್ಲ. ಮೂರು ಆಯಾಮದ ಚಿತ್ರಕ್ಕೆ ಬ್ಲೆಂಡರ್, ಬಣ್ಣಕ್ಕೆ ಕ್ರಿಟಾ. ಪಾಠ ಹೇಳಿಕೊಡಲು ಯೂಟ್ಯೂಬ್.

ಆದರೆ ಉಚಿತ ಅನ್ನೋದರಲ್ಲೂ ಒಂದು ಗಾಳ ಇರುತ್ತದೆ ಅಂತ 2023ರಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ವರ್ಷ ಸೆಪ್ಟೆಂಬರ್ 12ರಂದು ಯೂನಿಟಿ ಕಂಪನಿ ಹೊಸ ಶುಲ್ಕ ಘೋಷಿಸಿತು. ಒಂದು ಮಿತಿ ದಾಟಿದ ಮೇಲೆ ಗೇಮ್ ಪ್ರತಿ ಸಲ ಇನ್‌ಸ್ಟಾಲ್ ಆದಾಗಲೂ ಡೆವಲಪರ್ ದುಡ್ಡು ಕೊಡಬೇಕು, ಇನ್‌ಸ್ಟಾಲ್‌ಗೆ 20 ಸೆಂಟ್ ತನಕ. ಅಗ್ಗದ ಅಥವಾ ಉಚಿತ ಗೇಮ್ ಮಾಡುವವರ ಎದೆ ಧಸಕ್ ಅಂದಿತು. ಕೋಟಿಗಟ್ಟಲೆ ಇನ್‌ಸ್ಟಾಲ್ ಇದ್ದು, ಒಂದೊಂದರಿಂದ ಕೆಲವೇ ಪೈಸೆ ಬರುವ ಗೇಮ್ ಆಗಿದ್ದರೆ ಆದಾಯಕ್ಕಿಂತ ಶುಲ್ಕವೇ ಜಾಸ್ತಿ ಆಗಬಹುದಿತ್ತು. ಆಗಲೇ ಬಿಡುಗಡೆಯಾಗಿದ್ದ ಗೇಮ್‌ಗಳಿಗೂ ಇದು ಅನ್ವಯ ಅಂದಾಗ ಸಿಟ್ಟು ನೆತ್ತಿಗೇರಿತು. ಮುಂದಿನ ತಿಂಗಳೇ ಕಂಪನಿಯ ಮುಖ್ಯಸ್ಥ ಜಾನ್ ರಿಕಿಟೆಲ್ಲೊ ಕೆಳಗಿಳಿದರು. ಒಂದು ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಶುಲ್ಕವನ್ನೇ ಕೈಬಿಟ್ಟರು. ಅಷ್ಟರಲ್ಲಿ ಟೆರೇರಿಯಾ ಗೇಮ್‌ನವರು ಗೊಡೋಗೆ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿದ್ದರು. ಸ್ಲೇ ದಿ ಸ್ಪೈರ್ ಮಾಡಿದವರು ತಮ್ಮ ಮುಂದಿನ ಗೇಮ್ ಅನ್ನು ಯೂನಿಟಿಯಿಂದ ಗೊಡೋಗೆ ಎತ್ತಿಕೊಂಡು ಹೋದರು.

ಇದರಿಂದ ಎಂಜಿನ್ ಜಗಳಕ್ಕೆ ಇಳಿಯಬೇಕು ಅಂತೇನೂ ಅಲ್ಲ. 2024ರ ಫೆಬ್ರವರಿಯಲ್ಲಿ ಬಂದು ಒಂದೇ ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಿದ ಬಲಾಟ್ರೊ ಗೇಮ್ ಈ ಮೂರರಲ್ಲಿ ಯಾವುದರಲ್ಲೂ ಮಾಡಿದ್ದಲ್ಲ. ಕೆನಡಾದ ಒಬ್ಬ ವ್ಯಕ್ತಿ ಲವ್ ಅನ್ನೋ ಪುಟ್ಟ ಚೌಕಟ್ಟಿನಲ್ಲಿ, ಲುವಾ ಭಾಷೆಯಲ್ಲಿ ಬರೆದಿದ್ದು. ಕೈಗೆ ಒಗ್ಗಿದ ಎಂಜಿನ್ ಹಿಡಿದು ಕೂತರೆ ಸಾಕು. ವರ್ಷಕ್ಕೆರಡು ಸಲ ಎಂಜಿನ್ ಬದಲಿಸುವವರು ಗೇಮ್ ಮುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಕಥೆಯಲ್ಲಿ ಬಿಟ್ಟುಹೋದ ಬಾಡಿಗೆ

ಇಂಡೀ ಆಗಬೇಕು ಅನ್ನೋರೆಲ್ಲರ ಬಾಯಲ್ಲಿ ಸ್ಟಾರ್‌ಡ್ಯೂ ವ್ಯಾಲಿಯ ಕಥೆ ಇರುತ್ತದೆ. ಅಮೆರಿಕದ ಎರಿಕ್ ಬರೋನ್ ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್, ಕಥೆ ಎಲ್ಲ ಮಾಡಿದರು. 2016ರ ಫೆಬ್ರವರಿಯಲ್ಲಿ ಬಿಡುಗಡೆ. 2024ರ ಕೊನೆಯ ಹೊತ್ತಿಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟ. ನಿಜಕ್ಕೂ ದೊಡ್ಡ ಸಾಧನೆ. ಆದರೆ ಕಥೆಯ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ. ಅದಕ್ಕೆ ನಾಲ್ಕೂವರೆ ವರ್ಷ ಹಿಡಿಯಿತು. ಆ ಹೊತ್ತಿನಲ್ಲಿ ಅವರು ರಂಗಮಂದಿರ ಒಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಮನೆ ಖರ್ಚಿನ ದೊಡ್ಡ ಭಾರ ಹೊತ್ತವರು ಅವರ ಸಂಗಾತಿ.

ಇದನ್ನೇ ಬೆಂಗಳೂರಿಗೆ ತಂದು ನೋಡೋಣ. ಬಾಡಿಗೆ, ಊಟ, ಕರೆಂಟು, ಇಂಟರ್ನೆಟ್ಟು ಸೇರಿ ತಿಂಗಳಿಗೆ 40 ಸಾವಿರ ಅಂತ ಕೈಬಿಗಿ ಹಿಡಿದೇ ಇಟ್ಟುಕೊಳ್ಳಿ. ನಾಲ್ಕೂವರೆ ವರ್ಷ ಅಂದರೆ 54 ತಿಂಗಳು. 21 ಲಕ್ಷದ 60 ಸಾವಿರ ರೂಪಾಯಿ. ಇದರಲ್ಲಿ ಕಂಪ್ಯೂಟರ್ ಇಲ್ಲ, ಆಸ್ಪತ್ರೆ ಇಲ್ಲ, ತಂಗಿ ಮದುವೆ ಇಲ್ಲ. ಊರಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದು ಮಾಡಿದರೆ ಈ ಮೊತ್ತ ಅರ್ಧಕ್ಕಿಂತ ಕೆಳಗೆ ಬರಬಹುದು. ಹಾಗಾಗಿ ಮೈಸೂರು, ಶಿವಮೊಗ್ಗದಲ್ಲಿ ಸ್ವಂತ ಮನೆ ಇರುವ ಹುಡುಗಿಗೆ ಬೆಂಗಳೂರಿನ ಪಿಜಿಯಲ್ಲಿರುವ ಅವಳ ಗೆಳತಿಗಿಂತ ಎರಡು ಪಟ್ಟು ಕಾಲ ಸಿಗುತ್ತದೆ. ಪ್ರತಿಭೆಯ ಮಾತು ಆಮೇಲಿನದು.

ಇನ್ನು ಕೆಲವು ಕಥೆಗಳಿಂದ ಕಲಿಯೋಕೆ ಏನೂ ಇಲ್ಲ. ವಿಯೆಟ್ನಾಂನ ಡಾಂಗ್ ನುಯೆನ್ ಕೆಲವೇ ದಿನದಲ್ಲಿ ಮಾಡಿದ ಫ್ಲ್ಯಾಪಿ ಬರ್ಡ್ 2013ರ ಮೇ ತಿಂಗಳಲ್ಲಿ ಬಂದು, ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇತ್ತು. ಮುಂದಿನ ಜನವರಿಯಲ್ಲಿ ಇದ್ದಕ್ಕಿದ್ದಂತೆ ಜಗತ್ತೇ ಅದನ್ನು ಆಡಿತು. ಆ ಗಲಾಟೆ ತಾಳಲಾರದೆ ಅವರು ಫೆಬ್ರವರಿಯಲ್ಲಿ ಗೇಮ್ ಅನ್ನೇ ಕಿತ್ತುಹಾಕಿದರು. ಅಮಾಂಗ್ ಅಸ್ 2018ರಲ್ಲಿ ಬಂದು, ಜನಪ್ರಿಯ ಆಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಲಾಟರಿ ಹೊಡೆದವರ ಹತ್ತಿರ ಉಳಿತಾಯದ ಸಲಹೆ ಕೇಳಿ ಏನು ಪ್ರಯೋಜನ?

ಒಂದು ಪ್ರತಿ ಮಾರಿದರೆ ಕೈಗೆಷ್ಟು

ಈಗ ಸ್ವಲ್ಪ ಗಣಿತ. ಇದು ಉದಾಹರಣೆಗೆ ನಾನೇ ಹಾಕಿದ ಲೆಕ್ಕ. ನಿಮ್ಮ ಗೇಮ್ ಬೆಲೆ 10 ಡಾಲರ್. ಮೊದಲ ವರ್ಷ 2,000 ಪ್ರತಿ ಮಾರಾಟ ಆಯಿತು ಅಂದುಕೊಳ್ಳೋಣ. ಹೊಸಬರಿಗೆ ಇದು ಸೋಲೇನಲ್ಲ. ಎಷ್ಟೋ ಜನ ಇದಕ್ಕೆ ಹಂಬಲಿಸುತ್ತಾರೆ.

20 ಸಾವಿರ ಡಾಲರ್ ಬಂತು ಅಂತ ಕುಣಿಯಬೇಡಿ. ಭಾರತ, ಬ್ರೆಜಿಲ್, ಟರ್ಕಿಯಂಥ ದೇಶಗಳಲ್ಲಿ ಬೆಲೆ ಕಡಿಮೆ ಇಡಬೇಕು. ಇನ್ನು ತುಂಬಾ ಜನ ಕೊಳ್ಳೋದು ರಿಯಾಯಿತಿ ಬಂದಾಗ. ಹಾಗಾಗಿ ಒಂದು ಪ್ರತಿಗೆ ಸರಾಸರಿ 6 ಡಾಲರ್ ಸಿಕ್ಕರೆ ಪುಣ್ಯ. ಅಲ್ಲಿಗೆ 12 ಸಾವಿರ. ಖರೀದಿಸಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆ ರಿಫಂಡ್ ಕಳೆಯಿರಿ. ಬೇರೆ ಬೇರೆ ದೇಶದ ಮಾರಾಟ ತೆರಿಗೆ ಕಳೆಯಿರಿ. ಸುಮಾರು 10 ಸಾವಿರ ಉಳಿಯಿತು. ಅದರಲ್ಲಿ 30% ಸ್ಟೀಮ್‌ನ ಪಾಲು. ಉಳಿದಿದ್ದು 7 ಸಾವಿರ. ದೊಡ್ಡವರಿಗೆ ಇಲ್ಲೂ ರಿಯಾಯಿತಿ ಇದೆ ನೋಡಿ. 1 ಕೋಟಿ ಡಾಲರ್ ವ್ಯಾಪಾರ ದಾಟಿದ ಮೇಲೆ ಪಾಲು 25%, 5 ಕೋಟಿ ದಾಟಿದರೆ 20%. ಬಡವನಿಗೆ ಪೂರ್ತಿ 30. ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಬೇರೆ ಕಡಿತವಾಗುತ್ತದೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಭಾರತೀಯರಿಗೆ ಇದು 15%. ಫಾರಂನಲ್ಲಿ ಪ್ಯಾನ್ ನಂಬರ್ ಹಾಕಿ ಒಪ್ಪಂದದ ಲಾಭ ಕೇಳದಿದ್ದರೆ 30% ಹೋಗುತ್ತದೆ. ಹೊಸಬರು ಎಡವುವ ಜಾಗ ಇದು.

ಕೊನೆಗೆ ಕೈಗೆ ಬಂದಿದ್ದು ಸುಮಾರು 6,600 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೆ ಐದೂವರೆ ಲಕ್ಷದ ಆಸುಪಾಸು. ಇಬ್ಬರು ಎರಡು ವರ್ಷ ದುಡಿದಿದ್ದರೆ ತಲಾ ತಿಂಗಳಿಗೆ 12 ಸಾವಿರಕ್ಕೂ ಕಡಿಮೆ. ಅದೇ ಗೇಮ್ ಆರು ತಿಂಗಳಲ್ಲಿ ಮುಗಿದಿದ್ದರೆ ತಲಾ 46 ಸಾವಿರ. ಗೇಮ್ ಅದೇ, ಮಾರಾಟ ಅದೇ. ಬದಲಾಗಿದ್ದು ತಿಂಗಳು ಮಾತ್ರ. ಚಿಕ್ಕ ಗೇಮ್ ಮಾಡಿ, ಚಿಕ್ಕ ಗೇಮ್ ಮಾಡಿ ಅಂತ ಹಳಬರು ತಲೆ ತಿನ್ನೋದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಪಬ್ಲಿಷರ್ ಸಿಕ್ಕರೆ ಈ ತಿಂಗಳುಗಳಿಗೆ ಅವರು ಮುಂಗಡ ಕೊಡುತ್ತಾರೆ. ಬದಲಿಗೆ ಪಾಲು ಕೇಳುತ್ತಾರೆ. ಕರಾರಿನಲ್ಲಿ ನೋಡಬೇಕಾದ ಸಾಲು ಒಂದೇ: ತಾವು ಹಾಕಿದ ದುಡ್ಡನ್ನು ಅವರು ಮೊದಲು ಪೂರ್ತಿ ವಸೂಲಿ ಮಾಡಿಕೊಂಡು ಆಮೇಲೆ ನಿಮಗೆ ಕೊಡುತ್ತಾರಾ, ಇಲ್ಲ ಮೊದಲ ದಿನದಿಂದಲೇ ನಿಮಗೂ ಸ್ವಲ್ಪ ಬರುತ್ತದಾ? ಮೊದಲನೆಯದಾದರೆ ಗೇಮ್ ಚೆನ್ನಾಗಿ ಮಾರಾಟವಾದರೂ ವರ್ಷಗಟ್ಟಲೆ ನಿಮ್ಮ ಖಾತೆಗೆ ಸೊನ್ನೆ ಬರಬಹುದು.

ಕಣ್ಣಿಗೆ ಬೀಳುವ ಕೆಲಸ

ಮೇಲಿನ ಆ 2,000 ಜನ ಎಲ್ಲಿಂದ ಬರುತ್ತಾರೆ? ಹೆಚ್ಚಿನ ಹೊಸಬರು ಗೇಮ್ ಮುಗಿಸಿ ಆಮೇಲೆ ಪ್ರಚಾರದ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಸ್ಟೀಮ್‌ನಲ್ಲಿ ಬಿಡುಗಡೆಗೆ ಕನಿಷ್ಠ ಎರಡು ವಾರ ಮುಂಚೆ "ಶೀಘ್ರದಲ್ಲಿ" ಅನ್ನೋ ಪುಟ ಹಾಕಲೇಬೇಕು ಅನ್ನೋದು ನಿಯಮ. ಆದರೆ ಬುದ್ಧಿವಂತರು ಆ ಪುಟವನ್ನು ಆರು ತಿಂಗಳು, ವರ್ಷ ಮುಂಚೆಯೇ ಹಾಕುತ್ತಾರೆ. ಯಾಕೆಂದರೆ ಅಲ್ಲಿ ವಿಶ್‌ಲಿಸ್ಟ್, ಅಂದರೆ ಮುಂದೆ ಕೊಳ್ಳೋಣ ಅಂತ ಜನ ಗುರುತು ಹಾಕಿಡುವ ಪಟ್ಟಿ, ಬೆಳೆಯುತ್ತಾ ಹೋಗಬೇಕು. ವಿಶ್‌ಲಿಸ್ಟ್ ಹಾಕಿದವರಿಗೆ ಬಿಡುಗಡೆಯ ದಿನ ಸ್ಟೀಮ್ ತಾನೇ ಸುದ್ದಿ ಮುಟ್ಟಿಸುತ್ತದೆ. ಮೊದಲ ದಿನಗಳ ಮಾರಾಟ ನೋಡಿ ಅದರ ಯಂತ್ರ ಇನ್ನಷ್ಟು ಜನರಿಗೆ ತೋರಿಸಬೇಕಾ ಬೇಡವಾ ಅಂತ ನಿರ್ಧರಿಸುತ್ತದೆ. ಹತ್ತು ವಿಮರ್ಶೆ ಬೀಳುವ ತನಕ ಗೇಮ್‌ಗೆ ಒಂದು ಒಟ್ಟು ಅಂಕವೂ ಸಿಗೋದಿಲ್ಲ. ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ, ನೆಕ್ಸ್ಟ್ ಫೆಸ್ಟ್ ಅಂತ ಡೆಮೊಗಳ ಹಬ್ಬ ನಡೆಯುತ್ತದೆ. ಒಂದು ಗೇಮ್‌ಗೆ ಅದರಲ್ಲಿ ಒಂದೇ ಅವಕಾಶ. ಅರೆಬೆಂದ ಡೆಮೊ ಹಾಕಿ ಅದನ್ನು ಕಳೆದುಕೊಂಡರೆ ಮತ್ತೆ ಸಿಗೋದಿಲ್ಲ.

ಗೇಮ್‌ನ ಪ್ರಕಾರವೂ ಲೆಕ್ಕಕ್ಕೆ ಬರುತ್ತದೆ. ಸ್ಟೀಮ್‌ಗೆ ಬರುವವರು ಇಸ್ಪೀಟಿನಂಥ ಡೆಕ್ ಗೇಮ್, ಅಂಗಡಿ-ಹೊಲ ನಡೆಸುವ ಗೇಮ್, ಭಯದ ಗೇಮ್, ನಾಲ್ಕು ಗೆಳೆಯರು ಕೂಡಿ ಆಡುವ ಗೇಮ್‌ಗಳನ್ನು ಹುಡುಕಿಕೊಂಡು ಬರುತ್ತಾರೆ. ಹೊಸಬರು ಮಾಡೋದು ಮಾತ್ರ ಜಿಗಿದು ಓಡುವ ಪ್ಲಾಟ್‌ಫಾರ್ಮರ್. ಯಾಕೆಂದರೆ ಯೂಟ್ಯೂಬ್ ಪಾಠ ಶುರುವಾಗೋದೇ ಅಲ್ಲಿಂದ. ಹಾಗಾಗಿ ಪೂರೈಕೆ ಎಲ್ಲಿ ತುಂಬಿ ತುಳುಕುತ್ತಿದೆಯೋ ಅಲ್ಲೇ ಇನ್ನೊಂದು ಬಂದು ಬೀಳುತ್ತದೆ.

ಹಾಗಾದರೆ ಮೊಬೈಲ್? ನಮ್ಮ ದೇಶದಲ್ಲಿ ಎಲ್ಲರೂ ಆಡೋದು ಫೋನಿನಲ್ಲೇ ಅಲ್ವಾ? ಹೌದು. ಪ್ಲೇ ಸ್ಟೋರ್‌ನ ಶುಲ್ಕವೂ ಕಡಿಮೆ, ಒಂದೇ ಸಲ 25 ಡಾಲರ್. ವರ್ಷದ ಮೊದಲ 10 ಲಕ್ಷ ಡಾಲರ್‌ವರೆಗೆ ಗೂಗಲ್‌ನ ಪಾಲು 15% ಮಾತ್ರ. ಆದರೆ ಇಲ್ಲಿನ ಆಟಗಾರರು ಗೇಮ್‌ಗೆ ದುಡ್ಡು ಕೊಟ್ಟು ಅಭ್ಯಾಸವಿಲ್ಲ. ಉಳಿದಿದ್ದು ಜಾಹೀರಾತು. ಭಾರತದ ಒಂದು ಜೊತೆ ಕಣ್ಣಿಗೆ ಜಾಹೀರಾತಿನವರು ಕೊಡುವ ಬೆಲೆ ಅಮೆರಿಕದ ಕಣ್ಣಿಗಿಂತ ಎಷ್ಟೋ ಕಮ್ಮಿ. ಅದೂ ಲಕ್ಷಗಟ್ಟಲೆ ಜನ ಬಂದರೆ ಮಾತ್ರ. ಅವರನ್ನು ಕರೆತರಲು ದೊಡ್ಡ ಕಂಪನಿಗಳು ಪ್ರತಿ ಇನ್‌ಸ್ಟಾಲ್‌ಗೂ ದುಡ್ಡು ಸುರಿಯುತ್ತವೆ. ಅಲ್ಲಿ ಒಬ್ಬಂಟಿ ಹೋಗಿ ನಿಲ್ಲೋದು ಕಷ್ಟ. ಜೊತೆಗೆ 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಇನ್ನೊಂದು ಷರತ್ತು ಹಾಕಿದೆ. 14 ದಿನ ಸತತವಾಗಿ ಪರೀಕ್ಷಕರಿಂದ ಗೇಮ್ ಆಡಿಸಬೇಕು. ಮೊದಲು 20 ಜನ ಬೇಕು ಅಂದಿದ್ದರು, 2024ರ ಕೊನೆಯಲ್ಲಿ ಅದನ್ನು 12ಕ್ಕೆ ಇಳಿಸಿದರು. ಹನ್ನೆರಡು ಜನ ಗೆಳೆಯರು ಎರಡು ವಾರ ನಿಮ್ಮ ಗೇಮ್ ಅಳಿಸದೆ ಇಟ್ಟುಕೊಳ್ಳೋದು ಎಷ್ಟು ಕಷ್ಟ ಅಂತ ಪ್ರಯತ್ನಿಸಿದವರನ್ನು ಕೇಳಿ.

ಬೆಂಗಳೂರಲ್ಲಿ ಕೈಗಳಿವೆ

ನಮ್ಮಲ್ಲಿ ಕೌಶಲಕ್ಕೆ ಕೊರತೆ ಇದೆ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಅದೂ ಒಂದು. ಅದು ಬೆಳೆದಿದ್ದು ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ಮಾಡಿಕೊಟ್ಟು. 2016ರಲ್ಲಿ ಸ್ವೀಡನ್‌ನ ಸ್ಟಾರ್‌ಬ್ರೀಝ್ ಅದನ್ನು ಕೊಂಡಿತು. 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಖ್ಯಾತಿಯ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಅಂದರೆ ಜಗತ್ತಿನ ಅತಿ ದೊಡ್ಡ ಗೇಮ್‌ಗಳಲ್ಲಿ ನಮ್ಮೂರಿನವರ ಕೈಕೆಲಸ ಆಗಲೇ ಇದೆ. ಆದರೆ ಆಟ ಹೇಗಿರಬೇಕು, ಯಾರಿಗಾಗಿ, ಎಲ್ಲಿ ಕತ್ತರಿಸಬೇಕು ಅನ್ನೋ ತೀರ್ಮಾನ ಬೇರೆಲ್ಲೋ ಆಗುತ್ತದೆ. ಚೆಂದದ ಕುದುರೆ ಮಾಡಿಕೊಡುವ ಕಲಾವಿದರು ಸಾವಿರ ಜನ ಸಿಗುತ್ತಾರೆ. ಆ ಕುದುರೆ ಗೇಮ್‌ನಲ್ಲಿ ಬೇಕಾ ಅಂತ ತೀರ್ಮಾನಿಸಿ ಅಭ್ಯಾಸ ಇರುವವರು ಕಮ್ಮಿ. ಇಂಡೀ ಡೆವಲಪರ್‌ಗೆ ಮುಖ್ಯವಾಗಿ ಬೇಕಾಗೋದು ಈ ಅಭ್ಯಾಸ. ಅದು ಕೋರ್ಸಿನಲ್ಲಿ ಬರೋದಿಲ್ಲ, ಗೇಮ್ ಮುಗಿಸಿ ಮುಗಿಸಿ ಬರುತ್ತದೆ.

ಹೀಗೆ ಬೇರೆಯವರ ಗೇಮ್‌ಗೆ ಮಾಡಿಕೊಡುವ ಸೇವೆಯ ಕೆಲಸವೂ ಈಗ ಗಟ್ಟಿ ನೆಲವಲ್ಲ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಉದ್ಯಮದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು ಅನ್ನೋ ಅಂದಾಜಿದೆ. 2025ರ ಫೆಬ್ರವರಿಯಲ್ಲಿ ಸಿನಿಮಾ, ಗೇಮ್‌ಗಳಿಗೆ ಗ್ರಾಫಿಕ್ಸ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಕಚೇರಿಯೂ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಕೆಲವರು "ಇನ್ನು ನಮ್ಮದೇ ಏನಾದರೂ ಮಾಡೋಣ" ಅನ್ನುತ್ತಿರಬಹುದು. ಸಹಜವೇ. ಕೆಲಸ ಹೋದ ಕಾರಣಕ್ಕೆ ಇಂಡೀ ಆಗುವವರ ಕೈಯಲ್ಲಿ ತಿಂಗಳುಗಳು ಇನ್ನೂ ಕಮ್ಮಿ ಇರುತ್ತವೆ ಅನ್ನೋದೇ ಕಷ್ಟ.

ಕೆಲಸದಲ್ಲಿ ಇದ್ದುಕೊಂಡೇ ರಾತ್ರಿ ಗೇಮ್ ಮಾಡುವವರು ಒಂದು ಕಾಗದ ತೆಗೆದು ಓದಲೇಬೇಕು. ಸೇರುವಾಗ ಸಹಿ ಹಾಕಿದ ಕರಾರು. ನಮ್ಮ ಐಟಿ ಕಂಪನಿಗಳ ಎಷ್ಟೋ ಕರಾರುಗಳಲ್ಲಿ, ಉದ್ಯೋಗದ ಅವಧಿಯಲ್ಲಿ ನೀವು ಸೃಷ್ಟಿಸಿದ್ದೆಲ್ಲ ಕಂಪನಿಗೆ ಸೇರಿದ್ದು ಅನ್ನೋ ಅರ್ಥದ ಸಾಲು ಇರುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಗೇಮ್‌ನ ಒಂದು ಸಾಲು ಕೋಡೂ ಬರೆಯಬೇಡಿ. ಸಾಧ್ಯವಾದರೆ ಲಿಖಿತ ಒಪ್ಪಿಗೆ ತಗೊಳ್ಳಿ. ಗೇಮ್ ಸೋತರೆ ಯಾರೂ ಕೇಳೋದಿಲ್ಲ, ಗೆದ್ದರೆ ಕೇಳುತ್ತಾರೆ.

ರಮ್ಮಿ ಅಲ್ಲ ಸ್ವಾಮಿ

"ಗೇಮಿಂಗ್ ಕಂಪನಿ ಮಾಡ್ತಿದ್ದೀನಿ" ಅಂತ ಮನೆಯಲ್ಲಿ ಹೇಳಿ ನೋಡಿ. ಮೊದಲ ಪ್ರಶ್ನೆ: "ಆ ಆನ್‌ಲೈನ್ ರಮ್ಮಿ ತರಾನಾ?" ಅವರ ತಪ್ಪಲ್ಲ. ನಮ್ಮ ಸುದ್ದಿಗಳಲ್ಲಿ ಗೇಮಿಂಗ್ ಅಂದರೆ ಹತ್ತು ವರ್ಷದಿಂದ ಪಣ ಕಟ್ಟಿ ಆಡುವುದೇ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ 28% ಜಿಎಸ್‌ಟಿ ಬಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿ, ದುಡ್ಡಿನ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಬೆಂಗಳೂರಿನಲ್ಲೂ ಬಹಳ ಜನರ ಕೆಲಸ ಹೋಯಿತು.

ಸ್ಟೀಮ್‌ನಲ್ಲಿ ಒಂದು ಗೇಮ್ ಅನ್ನು ಬೆಲೆ ಇಟ್ಟು ಮಾರುವವರಿಗೆ ಈ ನಿಷೇಧ ತಟ್ಟೋದಿಲ್ಲ. ಅಲ್ಲಿ ಪಣವೂ ಇಲ್ಲ, ಗೆದ್ದರೆ ದುಡ್ಡೂ ಇಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡಬೇಕು ಅಂತಲೂ ಹೇಳುತ್ತದೆ. ಆದರೂ ಬ್ಯಾಂಕಿನವರಿಗೆ, ಹೂಡಿಕೆದಾರರಿಗೆ, ಹೆಣ್ಣು ಕೊಡುವ ಮಾವನಿಗೆ ಈ ವ್ಯತ್ಯಾಸ ಬಿಡಿಸಿ ಹೇಳುವ ಕೆಲಸ ನಿಮ್ಮದೇ.

ಹಾಗಾದರೆ ಇಲ್ಲಿ ದುಡ್ಡು ಎಲ್ಲಿದೆ? ಅನಿಮೇಷನ್ ಮತ್ತು ಗೇಮ್ ವಲಯಕ್ಕೆ ಅಂತಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ಗಾಫೆಕ್ಸ್ ಸಮ್ಮೇಳನ ನಡೆಯುತ್ತದೆ. ಗೇಮ್ ಡೆವಲಪರ್‌ಗಳ ದೊಡ್ಡ ಕೂಟ ಐಜಿಡಿಸಿ ಹೈದರಾಬಾದಿನಲ್ಲಿ ನಡೆಯುತ್ತಿತ್ತು, 2025ರಲ್ಲಿ ಚೆನ್ನೈನಲ್ಲಿ ನಡೆಯಿತು. ಪಬ್‌ಜಿ ಗೇಮ್‌ನ ಕ್ರಾಫ್ಟನ್ ಕಂಪನಿ ಹೊಸ ತಂಡಗಳನ್ನು ಬೆಳೆಸಲು 2023ರಲ್ಲಿ ಶುರು ಮಾಡಿದ ಇನ್‌ಕ್ಯುಬೇಟರ್ ಆಯ್ಕೆಯಾದ ತಂಡಗಳಿಗೆ 50 ಸಾವಿರದಿಂದ ಒಂದೂವರೆ ಲಕ್ಷ ಡಾಲರ್ ಕೊಡುತ್ತದೆ. ಸೋನಿ ಕೂಡ ಇಂಡಿಯಾ ಹೀರೊ ಪ್ರಾಜೆಕ್ಟ್ ಅಂತ ಕೆಲವು ತಂಡಗಳ ಕೈ ಹಿಡಿದಿದೆ. ಸರ್ಕಾರಿ ನೀತಿಗಳ ಒಲವು ಮಾತ್ರ ಇವತ್ತಿಗೂ ತರಬೇತಿ ಕೇಂದ್ರ, ಕಟ್ಟಡ, ಉದ್ಯೋಗದ ಸಂಖ್ಯೆ ಕಡೆಗೇ. ಒಂದು ಇಬ್ಬರ ತಂಡಕ್ಕೆ ಮೂಲಮಾದರಿ ಮಾಡಲು ಆರು ತಿಂಗಳ ಖರ್ಚು ಕೊಡುವ ಸಣ್ಣ ನಿಧಿಯಿಂದ ಹೆಚ್ಚು ಲಾಭ ಆಗುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಗೇಮ್‌ಗಳಿಗೆ ಅಂತ ಇಂಥ ಸಾರ್ವಜನಿಕ ನಿಧಿಗಳಿವೆ.

ನಮ್ಮ ಕಥೆ, ನಮ್ಮ ಅಕ್ಷರ

ಭಾರತದಿಂದ ಬಂದ ಗೇಮ್ ಅಂದಾಗ ಮೊದಲು ನೆನಪಾಗೋದು ಪುಣೆಯ ನಾಡಿಂಗ್ ಹೆಡ್ಸ್ ತಂಡದ ರಾಜಿ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೇಳಿದರು, ಗುರಿ ಮುಟ್ಟಲಿಲ್ಲ. ಆದರೂ ಬಿಡದೆ 2020ರಲ್ಲಿ ಹೊರತಂದರು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಇಂಡೀ ಗೇಮ್ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು. ರಾಜಿ ನೋಡಿ ಎಲ್ಲರಿಗೂ ಪುರಾಣದ ದೊಡ್ಡ ಆಕ್ಷನ್ ಗೇಮ್ ಮಾಡುವ ಆಸೆ. ಇಬ್ಬರು ಕೂತು ಕುರುಕ್ಷೇತ್ರವನ್ನೇ ಕಟ್ಟುತ್ತೇವೆ ಅನ್ನುತ್ತಾರೆ. ದಯವಿಟ್ಟು ಬೇಡ. ಹದಿನೆಂಟು ಅಕ್ಷೌಹಿಣಿಗೆ ಅನಿಮೇಷನ್ ಮಾಡೋರು ಯಾರು?

ಇದಕ್ಕೆ ಬದಲು ವೆನ್‌ಬಾ ನೋಡಿ. ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು, 2023ರ ಜುಲೈನಲ್ಲಿ ಬಂತು. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಒಂದು ಅಡುಗೆಮನೆ, ಅಳಿಸಿಹೋದ ಅಕ್ಷರಗಳ ಅಡುಗೆ ಪುಸ್ತಕ. ಇಡ್ಲಿ ಪಾತ್ರೆಯಲ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಇಡಬೇಕು ಅನ್ನೋದೇ ಒಗಟು. ಎರಡು ಗಂಟೆಯೊಳಗೆ ಮುಗಿಯುತ್ತದೆ. 2024ರಲ್ಲಿ ಅದಕ್ಕೆ ಬ್ರಿಟನ್‌ನ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿಯೂ, ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತಿ ದೊಡ್ಡ ಪ್ರಶಸ್ತಿಯೂ ಬಂದವು. ಇದು ಕನ್ನಡದಲ್ಲಿ ಯಾಕಾಗಬಾರದು? ಆಗಬಹುದು. ಆದರೆ ವೆನ್‌ಬಾದ ಜಗತ್ತು ತಮಿಳು, ಮಾರಾಟದ ಭಾಷೆ ಇಂಗ್ಲಿಷ್ ಅನ್ನೋದನ್ನು ಗಮನಿಸಿ. ಬರೀ ಕನ್ನಡ ಓದುವವರನ್ನೇ ನಂಬಿ ಸ್ಟೀಮ್‌ನಲ್ಲಿ 2,000 ಪ್ರತಿ ಮಾರೋದು ಇವತ್ತಿನ ಮಟ್ಟಿಗೆ ಬಹಳ ಕಷ್ಟ. ಕಥೆ ಮಲೆನಾಡಿನದ್ದಿರಲಿ, ಇಂಗ್ಲಿಷ್ ಜೊತೆ ಕನ್ನಡವೂ ಒಂದು ಆಯ್ಕೆಯಾಗಿ ಇರಲಿ.

ಆ ಆಯ್ಕೆ ಕೊಡೋಕೂ ಒಂದು ತೊಡಕಿದೆ. ಯೂನಿಟಿಯಲ್ಲಿ ಹೆಚ್ಚಿನವರು ಬಳಸುವ ಟೆಕ್ಸ್ಟ್ ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸೋದಿಲ್ಲ. "ಅಮ್ಮ" ಅಂತ ಬರೆದರೆ ಎರಡು ಮಕಾರದ ನಡುವೆ ಹಲಂತ ಚಿಹ್ನೆ ಬಂದು ಕೂರಬಹುದು. ಗೊಡೋದ ನಾಲ್ಕನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಒಳ್ಳೆಯ ಯೂನಿಕೋಡ್ ಫಾಂಟ್ ಕೊಟ್ಟರೆ ಕನ್ನಡ ಸರಿಯಾಗಿ ಮೂಡುತ್ತದೆ. ಗೇಮ್‌ನಲ್ಲಿ ಕನ್ನಡ ಬೇಕೇ ಬೇಕು ಅನ್ನುವವರಿಗೆ ಎಂಜಿನ್ ಆರಿಸಲು ಇದೊಂದು ನಿಜವಾದ ಕಾರಣ.

ಶುರು ಮಾಡುವವರಿಗೆ

ಸೆಲೆಸ್ಟ್ ಅನ್ನೋ ಹೆಸರಾಂತ ಗೇಮ್‌ನ ಮೊದಲ ರೂಪ ನಾಲ್ಕು ದಿನದಲ್ಲಿ ಮಾಡಿದ್ದು. ಫಿನ್‌ಲೆಂಡ್‌ನ ಆರ್ವಿ ತೇಕರಿ ಮಾಡಿದ ಬಾಬಾ ಈಸ್ ಯೂ ಹುಟ್ಟಿದ್ದು 2017ರ ಒಂದು ಗೇಮ್ ಜ್ಯಾಮ್‌ನಲ್ಲಿ. ಜ್ಯಾಮ್ ಅಂದರೆ ಎರಡು-ಮೂರು ದಿನದಲ್ಲಿ, ಕೊಟ್ಟ ವಿಷಯದ ಮೇಲೆ, ಹೇಗಾದರೂ ಒಂದು ಗೇಮ್ ಮುಗಿಸುವ ಕೂಟ. ಎರಡೂ ಆಮೇಲೆ ವರ್ಷಗಟ್ಟಲೆ ಬೆಳೆದು ಪೂರ್ತಿ ಗೇಮ್ ಆದವು. ಆದರೆ ಆ ವರ್ಷಗಳನ್ನು ಹಾಕುವ ಮುಂಚೆಯೇ ಈ ಆಟದಲ್ಲಿ ಮಜಾ ಇದೆ ಅನ್ನೋದು ಮಾಡಿದವರಿಗೆ ಗೊತ್ತಾಗಿತ್ತು.

ಹಾಗಾಗಿ ಕೆಲಸ ಬಿಡುವ ಮುಂಚೆ ಮೂರು-ನಾಲ್ಕು ಪುಟ್ಟ ಗೇಮ್ ಮುಗಿಸಿ ಇಂಡೀ ಗೇಮ್‌ಗಳ ಆನ್‌ಲೈನ್ ಅಂಗಡಿ ಇಚ್‌ನಲ್ಲಿ (itch.io) ಉಚಿತವಾಗಿ ಹಾಕಿ. ಅಲ್ಲಿ ಶುಲ್ಕವಿಲ್ಲ, ಅಂಗಡಿಗೆ ಎಷ್ಟು ಪಾಲು ಕೊಡಬೇಕು ಅಂತ ನೀವೇ ನಿರ್ಧರಿಸಬಹುದು. ಜೊತೆಗಾರರಿದ್ದರೆ ಯಾರಿಗೆ ಎಷ್ಟು ಪಾಲು, ಒಬ್ಬರು ಮಧ್ಯದಲ್ಲಿ ಬಿಟ್ಟರೆ ಗೇಮ್ ಯಾರದ್ದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಸ್ನೇಹಿತರ ನಡುವೆ ಕಾಗದ ಯಾಕೆ ಅನ್ನೋರಿಗೆ ಅದು ಜಾಸ್ತಿ ಬೇಕು. ಎಐ ಬಳಸಿ ಚಿತ್ರ, ದನಿ ಮಾಡಿದ್ದರೆ 2024ರ ಜನವರಿಯಿಂದ ಸ್ಟೀಮ್‌ನಲ್ಲಿ ಅದನ್ನು ಹೇಳಿಕೊಳ್ಳಬೇಕು. ಅದು ಪುಟದಲ್ಲಿ ಕೊಳ್ಳುವವರಿಗೂ ಕಾಣುತ್ತದೆ.

ಪ್ರತಿ ವರ್ಷ ಜನವರಿ ಕೊನೆಯ ಹೊತ್ತಿಗೆ ಗ್ಲೋಬಲ್ ಗೇಮ್ ಜ್ಯಾಮ್ ನಡೆಯುತ್ತದೆ. 2009ರಿಂದ ನಡೆದು ಬಂದಿದೆ. ಹೋಗಿ, ಏನಾದರೂ ಒಂದು ಮುಗಿಸಿ. ಅದನ್ನು ನಿಮ್ಮ ಗುರುತಿಲ್ಲದ ಒಬ್ಬರ ಕೈಗೆ ಕೊಟ್ಟು, ಏನೂ ವಿವರಿಸದೆ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಿ. ಎರಡನೇ ಸಲ ಆಡಲು ಅವರೇ ಮತ್ತೆ ಶುರು ಒತ್ತಿದರೆ, ಆಗ ಕೂತು ತಿಂಗಳುಗಳ ಲೆಕ್ಕ ಹಾಕಿ.